ವಿಕಿರಣಕ್ಕೆ ಕ್ರಿಮಿ ಸಾಯುತ್ತದೆ, ವಿಷ ಉಳಿಯುತ್ತದೆ

ಸಣ್ಣ ಮತ್ತು ಮಧ್ಯಮ ಉದ್ದಿಮೆ ವಲಯದಲ್ಲಿ 50 ಆಹಾರ ವಿಕಿರಣ ಘಟಕಗಳ ಸ್ಥಾಪನೆಗೆ ನೆರವು ನೀಡುವುದಾಗಿ 2024ರ ಜುಲೈ ತಿಂಗಳ ಕೇಂದ್ರ ಬಜೆಟ್ ಪ್ರಕಟಿಸಿತು. ಶುಂಠಿ ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹಾಗೂ ಭತ್ತದ ಸೀಮೆಯಾದ ಕೆ.ಆರ್. ನಗರಕ್ಕೆ ಇದು ಸಂಬಂಧಿಸದ ಸುದ್ದಿಯೇನಲ್ಲ. ಕೋಲಾರ ಜಿಲ್ಲೆಯ ಮಾಲೂರಿನ ಘಟಕದಲ್ಲಿ ಸಂಸ್ಕರಣೆಗೊಂಡ ಮಾವು ಅಮೆರಿಕಕ್ಕೂ ರಫ್ತಾಗಿದೆ. ಆದರೆ ವಿಕಿರಣದಿಂದ ಏನಾಗುತ್ತದೆ, ಏನಾಗದು ಎಂಬ ತಿಳಿವಳಿಕೆ ಘಟಕಕ್ಕಿಂತ ಮೊದಲು ಬರಬೇಕಾಗಿದೆ.

ಕೋಬಾಲ್ಟ್-60 ಹೊಮ್ಮಿಸುವ ಗಾಮಾ ಕಿರಣ ಹಾಯ್ದ ಮಾತ್ರಕ್ಕೆ ಆಹಾರ ವಿಕಿರಣಶೀಲವಾಗುವುದಿಲ್ಲ. ಶುಂಠಿ, ಈರುಳ್ಳಿ ಮೊಳಕೆಯೊಡೆಯದಂತೆ ತಡೆಯಲು 0.2 ಕಿಲೋಗ್ರೇ ಒಳಗಿನ ಪ್ರಮಾಣ ಸಾಕು. ಸಾಂಬಾರ ಪದಾರ್ಥಗಳ ಸೂಕ್ಷ್ಮಾಣು ನಾಶಕ್ಕೆ ಹೆಚ್ಚು ಬೇಕು. ಸರಾಸರಿ 10 ಕಿಲೋಗ್ರೇವರೆಗಿನ ಸಂಸ್ಕರಣೆ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಸೇರಿದಂತೆ ಮೂರು ಅಂತರರಾಷ್ಟ್ರೀಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲೇ ತೀರ್ಮಾನಿಸಿತ್ತು.

ತೊಡಕು ಇರುವುದು ಬೇರೆಡೆ. ಬ್ಯಾಕ್ಟೀರಿಯಾದ ಡಿಎನ್‌ಎ ಬಹು ಉದ್ದವಾದ ತಂತು. ಕಿರಣದ ಪೆಟ್ಟಿಗೆ ಅದು ತುಂಡಾದರೆ ಜೀವಿ ವೃದ್ಧಿಯಾಗದು. ಆದರೆ ಅದು ಆಗಲೇ ಆಹಾರದಲ್ಲಿ ಬಿಟ್ಟಿರುವ ವಿಷ ಅದಕ್ಕಿಂತ ಎಷ್ಟೋ ಚಿಕ್ಕ ಅಣು. ಅದಕ್ಕೆ ಪೆಟ್ಟು ತಗಲುವ ಸಂಭವ ಕಡಿಮೆ. ಸುತ್ತಲಿನ ಆಹಾರಾಂಶವೂ ಅದಕ್ಕೆ ಮರೆಯಾಗುತ್ತದೆ. ಹೀಗಾಗಿ ಸ್ಟ್ಯಾಫಿಲೊಕಾಕಸ್, ಬೊಟುಲಿನಂ ಬ್ಯಾಕ್ಟೀರಿಯಾಗಳ ವಿಷ ಬಳಕೆಯಲ್ಲಿರುವ ಪ್ರಮಾಣಕ್ಕೆ ಬಹುಪಾಲು ಜಗ್ಗುವುದಿಲ್ಲ. ಬೊಟುಲಿನಂ ವಿಷವನ್ನು ಚೆನ್ನಾಗಿ ಕುದಿಸಿ ನಿವಾರಿಸಬಹುದು. ಸ್ಟ್ಯಾಫಿಲೊಕಾಕಸ್ ವಿಷ ಕುದಿತಕ್ಕೂ ಬಗ್ಗದು. ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಉಂಟುಮಾಡುವ, ವಾಂತಿ ತರಿಸುವ ವಿಷದ್ದೂ ಅದೇ ಗುಣ. ತಂಗಳನ್ನವನ್ನು ಮತ್ತೆ ಬಿಸಿ ಮಾಡಿದೊಡನೆ ಅಪಾಯ ತೊಲಗಿತೆಂಬ ನಂಬಿಕೆ ಸಲ್ಲದು.

ಇನ್ನೊಂದು ಅಪಾಯವೂ ಇದೆ. ಆಹಾರ ಹಳಸಿದ್ದನ್ನು ವಾಸನೆಯಿಂದ ತಿಳಿಸಿಕೊಡುವ ಸೂಕ್ಷ್ಮಜೀವಿಗಳು ವಿಕಿರಣಕ್ಕೆ ಬೇಗ ಸಾಯುತ್ತವೆ. ಬೊಟುಲಿನಂನ ಬೀಜಕಣಗಳು ಗಟ್ಟಿ. ಕೆಟ್ಟ ಸರಕನ್ನು ವಿಕಿರಣಕ್ಕೊಡ್ಡಿ ಮಾರಿದರೆ ಗ್ರಾಹಕನ ಮೂಗಿಗೂ ಸುಳಿವು ಸಿಗದಿರಬಹುದು. ಆದುದರಿಂದಲೇ ಶುಚಿತ್ವಕ್ಕೆ ವಿಕಿರಣ ಬದಲಿಯಲ್ಲವೆಂದು ಅಂತರರಾಷ್ಟ್ರೀಯ ಮಾನದಂಡ ವಿಧಿಸಿದೆ. ಸಂಸ್ಕರಿಸಿದ ಪೊಟ್ಟಣದ ಮೇಲೆ ಹಸಿರು ಮುದ್ರೆಯೂ ಕಡ್ಡಾಯ.

ಶುಂಠಿ ಬೆಲೆ ಕುಸಿದಾಗ ಕೈಸುಟ್ಟುಕೊಳ್ಳುವ ರೈತನಿಗೆ ದಾಸ್ತಾನಿನ ಅವಕಾಶ ದೊರೆತರೆ ಅದು ನಿಜವಾದ ಲಾಭ. ಆದರೆ ಹಾಸ್ಟೆಲಿನ, ಜಾತ್ರೆಯ, ಮದುವೆಮನೆಯ ಅಡುಗೆಗೆ ಬೇಕಾದುದು ಶುದ್ಧ ನೀರು, ತೊಳೆದ ಕೈ, ಬಿಸಿಯಾಗಿ ಬಡಿಸುವ ಅಥವಾ ಬೇಗ ತಂಪುಮಾಡುವ ವ್ಯವಸ್ಥೆ. ಯಂತ್ರಕ್ಕೆ ಹಣ ಒದಗಿಸುವ ಸರ್ಕಾರ ಇದನ್ನು ಮರೆಯಬಾರದು.