ಕ್ಯಾಮೆರಾದವರು ಹೋದ ಮೇಲೆ

ಭಾರತ ಹುಣ್ಣಿಮೆ ಬಂದಿತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಹಿಂದೆಯೇ ಕ್ಯಾಮೆರಾದವರೂ ಬರುತ್ತಾರೆ. ಭಂಡಾರ, ಜಟೆ, ಚೌಡಿಕೆ, ಜೋಗತಿಯರ ಕೊಡ, ಇಷ್ಟು ಸಿಕ್ಕರೆ ಅವರ ಸಾಕ್ಷ್ಯಚಿತ್ರ ಮುಗಿಯಿತು. ದೇವದಾಸಿ ಪದ್ಧತಿ ಅನಿಷ್ಟವೆಂಬುದರಲ್ಲಿ ಎರಡು ಮಾತಿಲ್ಲ. 1982ರ ನಿಷೇಧ ಕಾಯ್ದೆಯನ್ನು ತರಗತಿಯಲ್ಲಿ ವಿವರಿಸಿದವನು ನಾನು. ನನ್ನ ತಕರಾರು ಬೇರೆ. ಯಾರ ಮುಖ ತೋರಿಸಿ ಚಿತ್ರ ಮಾಡಿದರೋ ಅವರಿಗೇ ಅದನ್ನು ತೋರಿಸದೆ ಹೋಗುವುದು ಯಾವ ನ್ಯಾಯ?

ಆ ತಾಲೂಕಿನ ಶಾಲೆಯೊಂದರಲ್ಲಿ ನಾನಿದ್ದಾಗ ಅಂಥ ತಂಡವೊಂದು ಬಂದಿತ್ತು. ಏಳನೆಯ ಇಯತ್ತೆಯ ಒಬ್ಬ ಹುಡುಗಿಯನ್ನೂ ಅವಳ ತಾಯಿಯನ್ನೂ ಚಿತ್ರಿಸಿಕೊಂಡರು. "ಒಳ್ಳೆಯ ಕೆಲಸಕ್ಕೆ ಬಂದವರು, ಒಪ್ಪಿಕೊಳ್ಳವ್ವಾ" ಎಂದು ಆ ತಾಯಿಗೆ ಹೇಳಿದವನು ನಾನೇ. ಕೆಲವು ತಿಂಗಳಲ್ಲಿ ಅದು ಟಿ.ವಿ.ಯಲ್ಲಿ ಬಂದಿತು. ಊರೆಲ್ಲ ನೋಡಿತು. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ. ಮನೆಗೆ ಹೋದೆ, ತಾಯಿ ಬಾಗಿಲು ತೆರೆಯಲಿಲ್ಲ.

ಫಿಲ್ಮ್ಸ್ ಡಿವಿಜನ್ ಸ್ಥಾಪನೆಯಾದದ್ದು 1948ರಲ್ಲಿ. ಅದರ ರೀಲುಗಳನ್ನು ಬೈಲಹೊಂಗಲದ ಟಾಕೀಜಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ನೋಡುತ್ತಿದ್ದೆವು. (ಅರ್ಧ ಜನ ಆಗ ಹೊರಗೆ ಬೀಡಿ ಸೇದುತ್ತಿದ್ದರು, ಆ ಮಾತು ಬೇರೆ.) ಅವುಗಳಲ್ಲಿ ಸರಕಾರದ ಬಡಾಯಿಯೇ ಹೆಚ್ಚು. ಆದರೂ ಚಿತ್ರ ನಮ್ಮೂರಿನ ಪರದೆಗೆ ಬರುತ್ತಿತ್ತು. ಇಂದಿನವು ಮಹಾನಗರಗಳ ಉತ್ಸವಗಳಿಗೆ ಹೋಗಿ ಅಲ್ಲಿಯೇ ಉಳಿಯುತ್ತವೆ.

ರಾಬರ್ಟ್ ಫ್ಲಾಹರ್ಟಿ 1922ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರಕ್ಕಾಗಿ, ಬಂದೂಕು ಬಲ್ಲ ಬೇಟೆಗಾರನ ಕೈಗೆ ಈಟಿ ಕೊಟ್ಟನೆಂಬ ಅಪವಾದ ಹೊತ್ತವನು. ಆದರೆ ಅವನು ಕೂಡ ತೆಗೆದ ಚಿತ್ರವನ್ನು ಆ ಹಿಮದ ನಾಡಿನಲ್ಲೇ ಸಂಸ್ಕರಿಸಿ ಅಲ್ಲಿಯ ಜನರಿಗೇ ತೋರಿಸುತ್ತಿದ್ದ. ನೂರು ವರ್ಷಗಳ ನಂತರದವರಿಗೆ ಇದು ಕಷ್ಟವೇ? 2010ರಲ್ಲಿ ದೇವದಾಸಿಯರ ಕುರಿತು ವಿದೇಶಿ ಚಿತ್ರವೊಂದು ಬಂದಾಗ ಸಾಂಗಲಿಯ 'ವ್ಯಾಂಪ್' ಸಂಘಟನೆಯ ಮಹಿಳೆಯರು ಸುಮ್ಮನಿರಲಿಲ್ಲ. ತಾವೇ ಕ್ಯಾಮೆರಾದ ಮುಂದೆ ಕುಳಿತು ಉತ್ತರ ಕೊಟ್ಟರು. ಆ ವಿಡಿಯೋ ನೋಡಿದ ರಾತ್ರಿ ನನಗೆ ಮುಚ್ಚಿದ ಆ ಬಾಗಿಲು ನೆನಪಾಯಿತು.

2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದಾಗ ನಿಮ್ಮಲ್ಲಿ ಕೆಲವರು ಕೋಟೆಯ ವಿಡಿಯೋ ಮಾಡಿ ಕಳುಹಿಸಿದಿರಿ, ಸಂತೋಷ. ಕೋಟೆಯ ಕಲ್ಲು ತಕರಾರು ಮಾಡುವುದಿಲ್ಲ. ರಾಮದುರ್ಗದ ನೇಕಾರರನ್ನು ಕುರಿತು ಮಾಡುತ್ತೇನೆಂದು ಪತ್ರ ಬರೆದವನಿಗೆ ಇಷ್ಟೇ ಹೇಳುತ್ತೇನಪ್ಪಾ: ಮಗ್ಗದ ಸದ್ದು ನಿಂತ ಮೇಲೆ, ಅವರ ಓಣಿಯಲ್ಲೇ ಒಂದು ಬಿಳಿ ಧೋತರ ಕಟ್ಟಿ ಮೊದಲು ಅವರಿಗೆ ತೋರಿಸು. "ಇದನ್ನು ತೆಗಿ" ಎಂದರೆ, ಅವರೆದುರಿಗೇ ತೆಗಿ.