ಕಾರ್ಮಿಕನ ತಲೆಯೂ ಹೆಲ್ಮೆಟ್ ಕಾನೂನೂ

ಹೆಲ್ಮೆಟ್ ಕಾನೂನೆಂಬುದು ಬಡವರ ಜೇಬಿಗೆ ಕೈಹಾಕಲು ಸರ್ಕಾರ ಕಂಡುಕೊಂಡ ಉಪಾಯ ಎಂಬ ಮಾತು ಮಾಕಳಿಯ ಹೋಟೆಲುಗಳಲ್ಲಿ, ಪೀಣ್ಯದ ಕಾರ್ಖಾನೆಗಳ ಗೇಟಿನ ಮುಂದೆ ಆಗಾಗ ಕೇಳಿಬರುತ್ತದೆ. ಹೇಳುವವರು ನಮ್ಮವರೇ. ಲೇತಿನ ಮುಂದೆ ಎಂಟು ಗಂಟೆ ನಿಲ್ಲುವವರು, ಗಾರ್ಮೆಂಟ್ಸಿಗೆ ಹೋಗುವವರು, ಸಣ್ಣ ಅಂಗಡಿ ಇಟ್ಟು ಬದುಕುವವರು. ಸಂಘದ ಕೆಲವು ಸಂಗಾತಿಗಳೂ ಇದಕ್ಕೆ ಹೌದೆನ್ನುತ್ತಾರೆ. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದಂಡದ ಮೇಲೆ ಬರಬೇಕಾದ ಸಿಟ್ಟು ಹೆಲ್ಮೆಟ್ಟಿನ ಮೇಲೆ ತಿರುಗಿಬಿಟ್ಟಿದೆ. ಇದರಿಂದ ಸರ್ಕಾರಕ್ಕೆ ನಷ್ಟವಿಲ್ಲ, ಧಣಿಗಳಿಗೂ ನಷ್ಟವಿಲ್ಲ. ಒಡೆಯುವುದು ನಮ್ಮ ತಲೆ.

ಬೆಳಗಿನ ಷಿಫ್ಟಿನ ಹೊತ್ತಿಗೆ ತುಮಕೂರು ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದು ತಿಳಿದ ಸಂಗತಿ. ಮಾಕಳಿ, ಮಾದನಾಯಕನಹಳ್ಳಿ, ದಾಸನಪುರದ ಕಡೆಯಿಂದ ಪೀಣ್ಯದತ್ತ ಹರಿಯುವ ಮೋಟಾರ್‌ಸೈಕಲ್ಲುಗಳಲ್ಲಿ ಹೆಲ್ಮೆಟ್ ಇಲ್ಲದವು ಕಡಮೆಯೇ. ಆದರೆ ಅದು ಇರುವುದೆಲ್ಲಿ? ಕನ್ನಡಿಗೆ ತೂಗುಹಾಕಿರುತ್ತದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ, ಮೊಣಕೈಗೆ ಬಳೆಯಂತೆ ಏರಿರುತ್ತದೆ. ಜಾಲಹಳ್ಳಿ ಕ್ರಾಸ್ ಬಂತು, ಗೊರಗುಂಟೆಪಾಳ್ಯ ಬಂತು, ಬಿಳಿ ಅಂಗಿಯ ಪೊಲೀಸರು ಕಂಡರು ಎಂದೊಡನೆ ತಲೆಗೆ ಏರುತ್ತದೆ. ಪಟ್ಟಿ ಹಾಕುವಷ್ಟು ವ್ಯವಧಾನವಿಲ್ಲ. ವೃತ್ತ ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತದೆ. ಪೊಲೀಸರಿಗೆ ತೋರಿಸಲು ತಂದ ವಸ್ತುವಿಗೂ ತಲೆ ಕಾಯಲು ತಂದ ವಸ್ತುವಿಗೂ ಅಂತರವಿದೆ. ಮೊದಲನೆಯದಕ್ಕೆ ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ಬುರುಡೆ ಸಾಕು.

ಈ ಮನೋಭಾವವನ್ನು ಬೆಳೆಸಿದ್ದರಲ್ಲಿ ಸರ್ಕಾರದ ಪಾಲು ಸಣ್ಣದಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಸವಾರನಿಗೂ ಹಿಂದೆ ಕುಳಿತವರಿಗೂ ಶಿರಸ್ತ್ರಾಣವನ್ನು ವಿಧಿಸಿತು. ಹೆಲ್ಮೆಟ್ ಕಡ್ಡಾಯ ಮಾಡುವುದು ನಾಗರಿಕನ ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೆಂದು ಆಂಧ್ರಪ್ರದೇಶದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಅದೇ 1988ರಲ್ಲಿ ತೀರ್ಪಿತ್ತಿತು. ಆದರೂ ಬೆಂಗಳೂರಿನ ಸವಾರರಿಗೆ ಇದು ನಿಜವಾಗಿ ತಟ್ಟಿದ್ದು 2006ರ ಕೊನೆಗೆ. ಹಿಂದೆ ಕುಳಿತವರಿಗೆ ತಟ್ಟಿದ್ದು 2016ರ ಜನವರಿಯಲ್ಲಿ. ಕಾಯಿದೆ ಕಾಗದದಲ್ಲಿ ಮಲಗಿದ್ದ ಆ ವರ್ಷಗಳಲ್ಲಿ ಎಷ್ಟು ಮಂದಿ ನಿಮ್ಹಾನ್ಸಿನ ಮಂಚದಲ್ಲಿ ಮಲಗಿದರೆಂಬುದನ್ನು ಅಲ್ಲಿನ ವೈದ್ಯರೇ ಬಲ್ಲರು. 2019ರಲ್ಲಿ ಕೇಂದ್ರ ಸರ್ಕಾರ ದಂಡವನ್ನು ಒಮ್ಮೆಲೇ ಸಾವಿರ ರೂಪಾಯಿಗೆ ಏರಿಸಿ, ಮೂರು ತಿಂಗಳು ಲೈಸೆನ್ಸ್ ರದ್ದೆಂಬ ಷರತ್ತನ್ನೂ ಸೇರಿಸಿತು. ಜನ ಕೂಗೆಬ್ಬಿಸಿದರು, ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ದಂಡವನ್ನು ಐನೂರಕ್ಕೆ ಇಳಿಸಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಂತು. ಆಷಾಢದ ಸೀರೆ ಮಾರಾಟಕ್ಕೆ ನಿಂತಂತೆ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೆ ಮೀರಿ ಜಮೆಯಾಯಿತು. 2025ರಲ್ಲಿ ಮತ್ತೊಮ್ಮೆ ಅದೇ ರಿಯಾಯಿತಿ. ಏರಿಸುವುದು, ಇಳಿಸುವುದು, ಕೊನೆಗೆ ತಳ್ಳುಬೆಲೆಗೆ ವಸೂಲು ಮಾಡುವುದು: ಇದನ್ನು ಕಂಡ ಕೂಲಿಗಾರ ಇದು ದುಡ್ಡಿನ ಲೆಕ್ಕವೇ ಹೊರತು ಜೀವದ ಲೆಕ್ಕವಲ್ಲವೆಂದು ತಿಳಿದರೆ ಅವನನ್ನು ದೂರಲು ನಮಗೆ ಬಾಯಿ ಬಾರದು.

ಆದರೆ ಜೀವದ ಲೆಕ್ಕವೂ ಇದೆ, ಅದನ್ನು ಸರ್ಕಾರವೇ ಅಚ್ಚು ಹಾಕಿಸಿದೆ. 2022ನೇ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ತಲೆಗೆ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರು ಕಾರಿನ ಧಣಿಗಳಲ್ಲ. ಬಸ್ಸು ಸಿಗದೆಯೋ, ಸಿಕ್ಕ ಬಸ್ಸು ಷಿಫ್ಟಿನ ವೇಳೆಗೆ ಒದಗದೆಯೋ, ಕಂತಿನ ಮೇಲೆ ಒಂದು ಗಾಡಿ ಕೊಂಡು ದುಡಿಯಲು ಹೊರಟವರೇ ಇವರಲ್ಲಿ ಹೆಚ್ಚು ಮಂದಿ ಎಂಬುದನ್ನು ಊಹಿಸಲು ಪಂಡಿತರು ಬೇಕಿಲ್ಲ. ಹೀಗಿರುವಾಗ ಹೆಲ್ಮೆಟ್ ಬಡವರ ವಿರುದ್ಧದ ವಸ್ತುವೆಂದು ಕಾರ್ಮಿಕ ಸಂಘದವರೇ ಹೇಳುವುದು ಹೇಗೆ? ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಕಾವಲು ಜಾಲರಿ ಬೇಕೆಂದು ಹೋರಾಡಿದವರು ನಾವು. ಬೆರಳಿಗೆ ಕಾವಲು ಬೇಕು, ತಲೆಗೆ ಬೇಡವೇ?

ಆ ಐವತ್ತು ಸಾವಿರದಲ್ಲಿ 14,337 ಮಂದಿ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ನಮ್ಮ ರಸ್ತೆಯಲ್ಲಿ ಹಿಂದೆ ಕೂರುವವರು ಯಾರೆಂದು ಹೇಳಬೇಕಾಗಿಲ್ಲ. ಗಂಡನ ತಲೆಗೆ ಹೆಲ್ಮೆಟ್, ಹಿಂದೆ ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು ಕುಳಿತ ಹೆಂಡತಿಯ ತಲೆಗೆ ಸೆರಗು, ನಡುವೆ ಇಸ್ಕೂಲಿನ ಚೀಲ ಹೊತ್ತ ಮಗು. ದಂಡ ಬೀಳುವುದು ತನಗೆ ಎಂದು ಗಂಡ ತೊಟ್ಟ. ಹೆಂಡತಿಗೆ ಜಡೆ ಇದೆ, ಹೂವು ಮುಡಿದಿದ್ದಾಳೆ, ಅವಳಿಗೇಕೆ ಎಂದುಬಿಟ್ಟ. ಮನೆಗೆ ಬರುವ ಎರಡು ಸಂಬಳದಲ್ಲಿ ಒಂದು ಗಾರ್ಮೆಂಟ್ಸಿನಿಂದ ಅವಳೇ ತರುವುದು ಎಂಬುದನ್ನಾದರೂ ನೆನೆಯಬೇಡವೇ? ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಅಳತೆಯ ಹೆಲ್ಮೆಟ್ಟೂ ಸವಾರನಿಗೆ ಬಿಗಿಯುವ ಪಟ್ಟಿಯೂ ಬೇಕೆಂದು 2022ರಲ್ಲಿ ನಿಯಮವಾಯಿತು.

ಕೂದಲು ಉದುರುತ್ತದೆ, ಬೆವರುತ್ತದೆ, ಹಾರನ್ ಕೇಳಿಸುವುದಿಲ್ಲ, ಕತ್ತು ನೋಯುತ್ತದೆ ಎಂಬ ಆಕ್ಷೇಪಣೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಬೆವರುವುದು ನಿಜ, ಉಳಿದವಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಆದರೆ ‘ಇಲ್ಲೇ ಹತ್ತಿರಕ್ಕೆ, ನಿಧಾನ ಹೋಗುತ್ತೇನೆ’ ಎಂಬ ಮಾತಿಗೆ ಮಾತ್ರ ಲೆಕ್ಕ ಮಾಡಿ ತೋರಿಸಬೇಕು. ಗಾಡಿಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನಿಂತ ಗಾಡಿಯಿಂದಲೇ ಪಕ್ಕಕ್ಕೆ ಬಿದ್ದರೂ ತಲೆ ನೆಲ ಮುಟ್ಟುವ ವೇಳೆಗೆ ಅದರ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಹತ್ತಿರ. ಕಾಂಕ್ರೀಟಿನ ಅಂಚಿಗೆ ಅಷ್ಟು ವೇಗದಲ್ಲಿ ಬಡಿದ ತಲೆಬುರುಡೆ ಉಳಿಯುವುದು ಅದೃಷ್ಟ. ದಾಸನಪುರದ ಮಾರುಕಟ್ಟೆಯಿಂದ ಟಿವಿಎಸ್ ಎಕ್ಸೆಲ್ಲಿನ ಮುಂದೆ ಈರುಳ್ಳಿ ಮೂಟೆ, ಹಿಂದೆ ಆಲೂಗಡ್ಡೆ ಮೂಟೆ ಹೇರಿಕೊಂಡು ನಿಧಾನವಾಗಿಯೇ ಬರುವ ನಮ್ಮ ವ್ಯಾಪಾರಿ ಮಿತ್ರರು ಇದನ್ನು ಗಮನಿಸಬೇಕು. ಮೂಟೆಯ ಭಾರಕ್ಕೆ ವಾಲುವ ಗಾಡಿ ವೇಗದ ಗಾಡಿಗಿಂತ ಸುಲಭವಾಗಿ ಬೀಳುತ್ತದೆ.

ಹೆಲ್ಮೆಟ್ ಮಾಡುವ ಕೆಲಸವನ್ನು ಹಣ್ಣಿನ ವ್ಯಾಪಾರಿಗೆ ಹೇಳಿಕೊಡಬೇಕಾಗಿಲ್ಲ. ಮಾವಿನ ಬುಟ್ಟಿಗೆ ಹುಲ್ಲು ಹಾಸುವುದೇಕೆ? ಪೆಟ್ಟು ಹಣ್ಣಿಗೆ ತಲುಪುವ ಮುಂಚೆ ಹುಲ್ಲು ಅದನ್ನು ನುಂಗಲೆಂದು. ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲಿನ ದಪ್ಪ ಪದರವೇ ಆ ಹುಲ್ಲು. ಬಿದ್ದಾಗ ಅದು ಅಮುಕಿಹೋಗಿ ಮಿದುಳಿಗೆ ತಗಲಬೇಕಾದ ಪೆಟ್ಟನ್ನು ತಾನು ತಿನ್ನುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮುಗಿದಂತೆಯೇ. ಪದರವಿಲ್ಲದ, ಒಳಗೆ ಬರೀ ಬಟ್ಟೆ ಅಂಟಿಸಿದ ಅರ್ಧ ಬುರುಡೆಯನ್ನು ಕೊಂಡವನು ಟೋಪಿ ಹಾಕಿಸಿಕೊಂಡವನು. ಪಟ್ಟಿ ಬಿಗಿಯದವನದೂ ಅದೇ ಪಾಡು. ಬೀಳುವಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ಜಗತ್ತಿನ ನಾನಾ ಕಡೆ ನಡೆದ ಅಧ್ಯಯನಗಳನ್ನು ಕೂಡಿಸಿ ನೋಡಿದ ತಜ್ಞರು ಹೆಲ್ಮೆಟ್ಟಿನಿಂದ ಸಾವಿನ ಸಂಭವ ಶೇಕಡಾ 42ರಷ್ಟು, ತಲೆಗೆ ಗಾಯವಾಗುವ ಸಂಭವ ಶೇಕಡಾ 69ರಷ್ಟು ತಗ್ಗುತ್ತದೆಂದು ಕಂಡುಕೊಂಡಿದ್ದಾರೆ.

ಈ ಶೋಧ ಆರಂಭವಾದದ್ದು ಇಂಗ್ಲೆಂಡಿನಲ್ಲಿ. 1935ರಲ್ಲಿ ಅರೇಬಿಯಾದ ಲಾರೆನ್ಸನೆಂದು ಹೆಸರಾದವನು ಮೋಟಾರ್‌ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಸತ್ತ. ಅವನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್ ಈ ಬಗೆಯ ಸಾವುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಬರೆದ ಮೇಲೆ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ವಿಧಿಸಿತು. ಸಾಮ್ರಾಜ್ಯಕ್ಕೆ ಯುದ್ಧಕಾಲದಲ್ಲಿ ಸಿಪಾಯಿಯ ತಲೆ ಬೆಲೆಯುಳ್ಳದ್ದಾಗಿತ್ತು. ಬ್ರಿಟನ್ನಿನ ಸಾಮಾನ್ಯ ಸವಾರನಿಗೆ ಕಾನೂನು ಬರಲು 1973 ಆಯಿತು. ನಮಗೆ ಹೆಚ್ಚು ಹತ್ತಿರದ ನಿದರ್ಶನ ವಿಯೆಟ್ನಾಮಿನದು. ನಮ್ಮಂತೆಯೇ ದುಡಿಯುವವರೆಲ್ಲ ಮೋಟಾರ್‌ಸೈಕಲ್ ನಂಬಿರುವ ಆ ದೇಶದಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು; ಕೆಲವೇ ದಿನಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ತೊಟ್ಟರು. ಕಳಪೆ ಮಾಲಿನ ಪೀಡೆ ಮಾತ್ರ ಅಲ್ಲಿಯೂ ತಪ್ಪಲಿಲ್ಲ.

ಹಾಗೆಂದು ಹೆಲ್ಮೆಟ್ ಒಂದಿದ್ದರೆ ಎಲ್ಲವೂ ಸರಿಹೋಯಿತೆಂದು ನಾವು ಹೇಳುತ್ತಿಲ್ಲ. ಇದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, 2016ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಿಂದ ಬೆಂಗಳೂರಿಗೆ ಬರುತ್ತಿದ್ದ ಯುವಕ ಹರೀಶರನ್ನು ಲಾರಿಯೊಂದು ಇಬ್ಭಾಗವಾಗಿ ತುಂಡರಿಸಿತು. ಪ್ರಾಣ ಹೋಗುವ ಮುನ್ನ ಅವರು ತಮ್ಮ ಅಂಗಗಳನ್ನು ದಾನಮಾಡಿ ಎಂದು ಬೇಡಿಕೊಂಡರು. ತಲೆಗೆ ಹೆಲ್ಮೆಟ್ ಇದ್ದುದರಿಂದ ಕಣ್ಣುಗಳು ಉಳಿದಿದ್ದವು, ಅವನ್ನು ದಾನವಾಗಿ ಪಡೆಯಲಾಯಿತು. ರಾಜ್ಯ ಸರ್ಕಾರ ಮುಂದಿನ ತಿಂಗಳೇ ಅವರ ಹೆಸರಿನಲ್ಲಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಳ್ಳುವುದಾಗಿ ಸಾರಿತು. ಹೆಲ್ಮೆಟ್ ಆ ಯುವಕನ ಕಣ್ಣು ಕಾಯಿತು. ಲಾರಿಯಿಂದ ಅವರನ್ನು ಕಾಯುವ ಕೆಲಸ ಹೆಲ್ಮೆಟ್ಟಿನದಲ್ಲ, ರಸ್ತೆ ಕಟ್ಟುವವರದು, ರಸ್ತೆ ಆಳುವವರದು. ಲಾರಿಗಳ ನಡುವೆ ಮೋಟಾರ್‌ಸೈಕಲ್ಲನ್ನು ಬಿಟ್ಟು, ದಾಟಲು ದಾರಿಯನ್ನು ದೂರದಲ್ಲಿಟ್ಟು, ಎದುರು ದಿಕ್ಕಿನಲ್ಲಿ ನುಗ್ಗಿದವನಿಗೆ ಚೀಟಿ ಹರಿಯುವುದರಿಂದ ಆ ಹೊಣೆ ತೀರದು. ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಬಂತು. ಸಂತೋಷ. ಅಲ್ಲಿಂದಾಚೆಗೆ ಮಾಕಳಿಯ ಕಾರ್ಮಿಕನಿಗೆ ರಾತ್ರಿ ಪಾಳಿ ಮುಗಿದ ಹೊತ್ತಿನಲ್ಲಿ ಬಸ್ಸು ಸಿಕ್ಕುವಂತಾದರೆ, ಎಷ್ಟೋ ಮಂದಿ ನಿದ್ದೆಗಣ್ಣಿನಲ್ಲಿ ಗಾಡಿ ಹತ್ತುವುದು ತಪ್ಪುತ್ತದೆ.

ಇನ್ನು ಕಾರ್ಖಾನೆಯ ಧಣಿಗಳ ವಿಷಯ. ಗೇಟಿನ ಒಳಗೆ ಹಳದಿ ಟೋಪಿ ಕೊಡುವವರು ಗೇಟು ದಾಟಿದೊಡನೆ ‘ಅವನ ತಲೆ, ಅವನ ಹಣೆಬರಹ’ ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. 2010ರಲ್ಲಿ ಇ.ಎಸ್.ಐ. ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನು, ವೇಳೆಗೂ ಸ್ಥಳಕ್ಕೂ ಕೆಲಸಕ್ಕೂ ಸಂಬಂಧ ತೋರಿದರೆ, ಕೆಲಸದಲ್ಲೇ ಆದ ಅಪಘಾತವೆಂದು ಎಣಿಸಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ನಮ್ಮ ಎಷ್ಟೋ ಕಾರ್ಮಿಕರಿಗೆ ಈ ಹಕ್ಕು ಇದೆಯೆಂಬುದೇ ಗೊತ್ತಿಲ್ಲ. ದಾರಿಯಲ್ಲಿ ಬಿದ್ದವನು ರಾಜಾಜಿನಗರದ ಆಸ್ಪತ್ರೆಗೆ ಹೋಗಿ ‘ಗಾಡಿಯಿಂದ ಬಿದ್ದೆ’ ಎಂದಷ್ಟೇ ಬರೆಸಿ ಬರುತ್ತಾನೆ. ಡ್ಯೂಟಿಗೆ ಹೋಗುತ್ತಿದ್ದೆ ಎಂಬುದನ್ನು ಬರೆಸುವುದಿಲ್ಲ, ಕಾರ್ಖಾನೆಗೆ ಲಿಖಿತವಾಗಿ ತಿಳಿಸುವುದಿಲ್ಲ. ಅದೇ ದಿನ ಬರೆದುಕೊಡಿ, ನಕಲು ಇಟ್ಟುಕೊಳ್ಳಿ. ಕಂಟ್ರಾಕ್ಟಿನ ಹೆಸರಿನಲ್ಲಿ ಇ.ಎಸ್.ಐ. ಪಟ್ಟಿಗೇ ಸೇರಿಸದೆ ದುಡಿಸಿಕೊಳ್ಳುತ್ತಿರುವ ಕಡೆ ಈ ಜಗಳವನ್ನು ಅಪಘಾತಕ್ಕೆ ಮುಂಚೆಯೇ ಆಡಬೇಕು. ಮುಂದಿನ ವೇತನ ಒಪ್ಪಂದದ ಮಾತುಕತೆಯಲ್ಲಿ ಬೂಟು, ಸಮವಸ್ತ್ರಗಳ ಜೊತೆಗೆ ಗಾಡಿಯಲ್ಲಿ ಬರುವ ಪ್ರತಿಯೊಬ್ಬ ಕಾರ್ಮಿಕನಿಗೆ ಒಳ್ಳೆಯ ಎರಡು ಹೆಲ್ಮೆಟ್ಟುಗಳನ್ನೂ ಕೇಳಬೇಕೆಂಬುದು ನಮ್ಮ ಸಲಹೆ.

ಸರ್ಕಾರಕ್ಕೆ ಹೇಳಬೇಕಾದ್ದೂ ಇದೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಹೆಲ್ಮೆಟ್ಟನ್ನು ಶೇಕಡಾ 18ರ ಸಾಲಿಗೆ ಹಾಕಲಾಯಿತು. ತೊಡದಿದ್ದರೆ ದಂಡ, ತೊಡಲು ಕೊಂಡರೆ ತೆರಿಗೆ. ಇದು ಯಾವ ನ್ಯಾಯ? ಕಾನೂನಿನಿಂದ ಕಡ್ಡಾಯಮಾಡಿದ ವಸ್ತುವಿನ ಮೇಲೆ ಬಿಡಿಗಾಸು ತೆರಿಗೆಯೂ ಇರಕೂಡದು. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾಡುವಂತಿಲ್ಲ, ಮಾರುವಂತಿಲ್ಲವೆಂಬ ಆಜ್ಞೆ 2021ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಹೆಸರಿನಲ್ಲಿ ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ಮಾರುವ ಬಡಪಾಯಿಯ ಮಾಲನ್ನು ಎತ್ತಿಕೊಂಡು ಹೋಗುವುದು ಸುಲಭ. ಅವನಿಗೆ ಸುಳ್ಳು ಗುರುತು ಒತ್ತಿದ ಮಾಲನ್ನು ಒದಗಿಸಿದ ಕಾರ್ಖಾನೆಯ ಬಾಗಿಲಿಗೆ ಹೋಗುವ ಧೈರ್ಯ ಅಧಿಕಾರಿಗಳಿಗೆ ಬರಬೇಕು. ಮಾರುವ ಮಿತ್ರರಿಗೂ ಒಂದು ಮಾತು: ನೀವು ಮಾರುವುದು ನಿಮ್ಮ ಗಲ್ಲಿಯ ಹುಡುಗನಿಗೇ.

ಒಳ್ಳೆಯ ಹೆಲ್ಮೆಟ್ಟಿಗೆ ಸುಮಾರು ಸಾವಿರ ರೂಪಾಯಿ ಬೀಳುತ್ತದೆ, ಅಂದರೆ ಎರಡು ಸಲ ಕಟ್ಟುವ ದಂಡ. ಹೊಸ ಗಾಡಿ ಕೊಳ್ಳುವವರಿಗೆ ಅದೂ ಬೀಳಬೇಕಾಗಿಲ್ಲ. ದ್ವಿಚಕ್ರ ವಾಹನ ಮಾರುವಾಗ ಗುಣಮಟ್ಟದ ಹೆಲ್ಮೆಟ್ಟನ್ನು ತಯಾರಕರೇ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿದೆ. ಆಯುಧಪೂಜೆಯ ಹೊತ್ತಿಗೆ ಗಾಡಿ ಬಿಡಿಸಿಕೊಂಡು ಚಕ್ರದಡಿ ನಿಂಬೆಹಣ್ಣು ಇಡುವ ಮುನ್ನ ಷೋರೂಮಿನಲ್ಲಿ ಈ ನಿಯಮದ ಹೆಸರು ಹೇಳಿ ಹೆಲ್ಮೆಟ್ ಕೇಳಿ, ಬಿಲ್ಲಿನಲ್ಲಿ ಅದಕ್ಕೆ ಬೇರೆ ಹಣ ಸೇರಿಸಿದ್ದಾರೆಯೇ ನೋಡಿ. ಕೊಡಲೊಪ್ಪದ ಅಂಗಡಿಯ ಹೆಸರನ್ನೂ ಬಿಲ್ಲಿನ ನಕಲನ್ನೂ ನಮ್ಮ ಕಚೇರಿಗೆ ತಲುಪಿಸಿದರೆ ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಬರೆಯುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.