ಪಕ್ಕದ ಸೀಟಿನಲ್ಲಿ ಕೂತಿದ್ದವರು

ರ‍್ಯಾಲಿ ಕಾರಿನಲ್ಲಿ ಇರೋದು ಎರಡೇ ಸೀಟು. ಸ್ಟೀರಿಂಗ್ ಹಿಡಿದವನ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಪಕ್ಕದಲ್ಲಿ ಕೂತ ಕೋ-ಡ್ರೈವರ್ ತೊಡೆ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಒಂದೇ ಸಮನೆ ಓದುತ್ತಿರುತ್ತಾನೆ: ಎಡಕ್ಕೆ ತಿರುವು, ನೂರು ಮೀಟರ್ ನೇರ, ಆಮೇಲೆ ದಿಬ್ಬ, ಅದರಾಚೆ ರಸ್ತೆ ಕಿರಿದು. ತಿರುವು ಡ್ರೈವರ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿರಬೇಕು. ಒಂದು ಸಾಲು ತಪ್ಪಿದರೂ ಇಬ್ಬರೂ ಕಂದಕದಲ್ಲಿ.

ಇಂಥ ಸೀಟಿನಲ್ಲಿ ಸುಮಾರು ಹದಿನೈದು ವರ್ಷ ಕೂತಿದ್ದವರೊಬ್ಬರ ಕಥೆ ಇವತ್ತು. ಹೆಸರು ಜೀನ್ ಟಾಟ್, ಊರು ಫ್ರಾನ್ಸ್. ಫಾರ್ಮುಲಾ ಒನ್ ನೋಡುವವರಿಗೆ ಇವರ ಪರಿಚಯ ಬೇಕಿಲ್ಲ. ನೋಡದವರಿಗೆ ಆಸ್ಕರ್ ಗೆದ್ದ ನಟಿ ಮಿಶೆಲ್ ಯೋ ಅವರ ಗಂಡ ಅಂದರೆ ಸಾಕು. ಆದರೆ ದಿನಾ ಸ್ಕೂಟರ್ ಹತ್ತುವ ನಮಗೆ ಸಂಬಂಧಪಟ್ಟ ಗುರುತು ಇನ್ನೊಂದಿದೆ. 2015ರಲ್ಲಿ ಇವರು ರಸ್ತೆ ಸುರಕ್ಷತೆಗಾಗಿ ವಿಶ್ವಸಂಸ್ಥೆ ಪ್ರಧಾನ ಕಾರ್ಯದರ್ಶಿಯ ವಿಶೇಷ ದೂತರಾದರು.

ಇದನ್ನು ಹೇಳಿದಾಗ ನನ್ನ ಗೆಳೆಯನೊಬ್ಬ ನಕ್ಕುಬಿಟ್ಟ. "ರೇಸ್ ಓಡಿಸೋರಿಗೆ ರಸ್ತೆ ಸುರಕ್ಷತೆನಾ? ಕುರಿ ಕಾಯೋಕೆ ತೋಳ ಬಿಟ್ಟ ಹಾಗಾಯ್ತು!" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅವರ ವೃತ್ತಿಜೀವನದಲ್ಲೇ ಇದೆ, ಸ್ವಲ್ಪ ಅಂಕುಡೊಂಕಾಗಿ.

ಟಾಟ್ ಹುಟ್ಟಿದ್ದು 1946ರಲ್ಲಿ, ಡಾಕ್ಟರ್ ಮಗನಾಗಿ. ಇಪ್ಪತ್ತರ ಹರೆಯದಲ್ಲೇ ರ‍್ಯಾಲಿಗಳಲ್ಲಿ ಕೋ-ಡ್ರೈವರ್ ಆದರು. 1981ರಲ್ಲಿ ಗಿ ಫ್ರೆಕ್ಲಾ ಅವರ ಪಕ್ಕ ಕೂತು ಟಾಲ್ಬೋ ಕಂಪನಿಗೆ ತಯಾರಕರ ವಿಶ್ವ ರ‍್ಯಾಲಿ ಪ್ರಶಸ್ತಿ ದಕ್ಕಿಸಿಕೊಟ್ಟ ಮೇಲೆ ಸೀಟು ಬಿಟ್ಟರು. ಮುಂದಿನ ಕೆಲಸ ಪಿಜೋ ಕಂಪನಿಯ ರೇಸಿಂಗ್ ವಿಭಾಗ ಕಟ್ಟುವುದು. ಅವರ 205 ಕಾರು 1985 ಮತ್ತು 1986ರಲ್ಲಿ ವಿಶ್ವ ರ‍್ಯಾಲಿ ಗೆದ್ದಿತು.

ಆ 1986ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆಗಿನ 'ಗ್ರೂಪ್ ಬಿ' ಕಾರುಗಳು ಹಗುರ ಮೈಯಲ್ಲಿ ರಾಕ್ಷಸ ಶಕ್ತಿ ತುಂಬಿಕೊಂಡಿದ್ದವು. ಮಾರ್ಚ್‌ನಲ್ಲಿ ಪೋರ್ಚುಗಲ್‌ನಲ್ಲಿ ಒಂದು ಕಾರು ಜನರ ಗುಂಪಿಗೆ ನುಗ್ಗಿ ಪ್ರೇಕ್ಷಕರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ಟೊಯ್ವೊನೆನ್ ಓಡಿಸುತ್ತಿದ್ದ ಕಾರು ರಸ್ತೆಯಿಂದಾಚೆ ಉರುಳಿ ಬೆಂಕಿಗೆ ಆಹುತಿಯಾಯಿತು. ಅವರ ಜೊತೆ ಕೋ-ಡ್ರೈವರ್ ಸೆರ್ಜಿಯೊ ಕ್ರೆಸ್ಟೊ ಕೂಡ ತೀರಿಕೊಂಡರು. ಆಡಳಿತ ಮಂಡಳಿ ತಡಮಾಡದೆ ಮುಂದಿನ ವರ್ಷದಿಂದ ಈ ಕಾರುಗಳೇ ಬೇಡ ಎಂದು ತೀರ್ಮಾನಿಸಿತು.

ಆ ತೀರ್ಮಾನದ ವಿರುದ್ಧ ಕೋರ್ಟ್‌ಗೆ ಹೋದದ್ದು ಯಾರು ಗೊತ್ತಾ? ಟಾಟ್ ಅವರ ಪಿಜೋ. ಕೋಟಿಗಟ್ಟಲೆ ಸುರಿದು ಮಾಡಿದ ಕಾರು, ಗೆಲ್ಲುತ್ತಿರುವ ಕಾರು, ರಾತ್ರೋರಾತ್ರಿ ಬೇಡ ಅಂದರೆ ಹೇಗೆ ಅನ್ನೋದು ಅವರ ವಾದ. ತಂಡದ ಮುಖ್ಯಸ್ಥನ ಕುರ್ಚಿಯಲ್ಲಿ ಕೂತವರಿಗೆ ಅದು ಸರಿಯಾದ ವಾದವೇ. ಆದರೂ ನಿಷೇಧ ಹಾಗೇ ಉಳಿಯಿತು.

ಟಾಟ್ ಕೈಕಟ್ಟಿ ಕೂರಲಿಲ್ಲ. ಅದೇ ಕಾರಿನ ಹೊಸ ರೂಪವನ್ನು ಮರುಭೂಮಿಗೆ ಒಯ್ದರು. 1987ರಿಂದ 1990ರವರೆಗೆ ಪ್ಯಾರಿಸ್-ಡಾಕಾರ್ ನಾಲ್ಕಕ್ಕೆ ನಾಲ್ಕೂ ಪಿಜೋ ಪಾಲು. 1989ರಲ್ಲಿ ತಮ್ಮದೇ ತಂಡದ ಇಬ್ಬರು, ಆರಿ ವಟಾನೆನ್ ಮತ್ತು ಜಾಕಿ ಇಕ್ಸ್, ಒಬ್ಬರನ್ನೊಬ್ಬರು ಬೆನ್ನಟ್ಟಿ ಕಾರು ಹಾಳುಮಾಡಿಕೊಳ್ಳುತ್ತಾರೆ ಅನ್ನಿಸಿದಾಗ ನಾಣ್ಯ ಚಿಮ್ಮಿ, ಗೆಲ್ಲುವವರು ಯಾರು ಅಂತ ತೀರ್ಮಾನಿಸಿಬಿಟ್ಟರು! ವಟಾನೆನ್ ಪಾಲಿಗೆ ಗೆಲುವು ಬಂತು.

1993ರಲ್ಲಿ ಫೆರಾರಿ ಸೇರಿದಾಗ ಆ ತಂಡ ವರ್ಷಗಳಿಂದ ಪ್ರಶಸ್ತಿ ಕಂಡಿರಲಿಲ್ಲ. 1996ರಲ್ಲಿ ಮೈಕೆಲ್ ಶೂಮಾಕರ್ ಬಂದರು. 2000ದಿಂದ 2004ರವರೆಗೆ ಸತತ ಐದು ಸಲ ಶೂಮಾಕರ್ ಚಾಂಪಿಯನ್. ಅಲ್ಲೂ ಟಾಟ್ ಎಲ್ಲರಿಗೂ ಇಷ್ಟವಾದವರೇನಲ್ಲ. 2002ರ ಆಸ್ಟ್ರಿಯಾ ರೇಸಿನಲ್ಲಿ ಮುಂದಿದ್ದ ಬ್ಯಾರಿಕೆಲ್ಲೊ ತಂಡದ ಆದೇಶದಂತೆ ಗೆರೆ ಹತ್ತಿರ ಬಂದಾಗ ಶೂಮಾಕರ್‌ಗೆ ದಾರಿ ಬಿಟ್ಟದ್ದನ್ನು ನೋಡಿ ಜನ ಕೂಗಿ ಛೀಮಾರಿ ಹಾಕಿದ್ದರು.

ಅಂತೂ 2009ರ ಅಕ್ಟೋಬರಿನಲ್ಲಿ ಟಾಟ್ ಮೇಜಿನ ಆಚೆ ಬದಿಗೆ ಹೋದರು. ಹಿಂದೆ ಕೋರ್ಟ್‌ಗೆ ಎಳೆದದ್ದು ಯಾವ ಆಡಳಿತವನ್ನೋ ಅದರ ಮೇಲಿನ ಸಂಸ್ಥೆಗೇ, ಎಫ್‌ಐಎಗೇ ಅಧ್ಯಕ್ಷರು. ಚುನಾವಣೆಯಲ್ಲಿ ಎದುರಾಳಿ ಅದೇ ನಾಣ್ಯದ ವಟಾನೆನ್. ಮತ 135-49. ಮುಂದೆ ಹನ್ನೆರಡು ವರ್ಷ, 2021ರ ಡಿಸೆಂಬರ್‌ವರೆಗೆ, ಆ ಕುರ್ಚಿ ಅವರದೇ.

ಈ ಹನ್ನೆರಡು ವರ್ಷದಲ್ಲಿ ಅತ್ಯಂತ ಕಷ್ಟದ ದಿನ 2014ರ ಅಕ್ಟೋಬರ್ 5 ಇರಬೇಕು. ಜಪಾನಿನ ಸುಜುಕಾದಲ್ಲಿ ಮಳೆ. ಕೆಟ್ಟುನಿಂತ ಒಂದು ಕಾರನ್ನು ಕ್ರೇನ್ ಎತ್ತುತ್ತಿತ್ತು. ಜೂಲ್ ಬಿಯಾಂಕಿ ಎಂಬ 25ರ ಹುಡುಗನ ಕಾರು ಜಾರಿ ಆ ಕ್ರೇನ್ ಅಡಿಗೇ ಹೊಕ್ಕಿತು. ಪ್ರಜ್ಞೆ ಮರಳಲೇ ಇಲ್ಲ. 2015ರ ಜುಲೈನಲ್ಲಿ ಜೀವ ಹೋಯಿತು. 1994ರಲ್ಲಿ ಸೆನ್ನಾ ಸತ್ತ ಮೇಲೆ ರೇಸಿನಲ್ಲಿ ಆದ ಗಾಯದಿಂದ ತೀರಿಕೊಂಡ ಮೊದಲ ಫಾರ್ಮುಲಾ ಒನ್ ಡ್ರೈವರ್ ಈತ. ಬಿಯಾಂಕಿಯ ಮ್ಯಾನೇಜರ್ ಆಗಿದ್ದವರು ಟಾಟ್ ಅವರ ಮಗ ನಿಕೋಲಾ.

ತನಿಖಾ ವರದಿ ಬಂತು. ಹಳದಿ ಬಾವುಟ ತೋರಿಸಿದಾಗ ಬಿಯಾಂಕಿ ಸಾಕಷ್ಟು ವೇಗ ತಗ್ಗಿಸಿರಲಿಲ್ಲ ಎಂಬ ಮಾತೂ ಅದರಲ್ಲಿತ್ತು. ನಮ್ಮ ಕಡೆಯಾಗಿದ್ದರೆ ಫೈಲು ಅಲ್ಲಿಗೇ ಮುಚ್ಚುತ್ತಿತ್ತು, ಅಲ್ವಾ? 'ಚಾಲಕನ ಅತಿವೇಗವೇ ಕಾರಣ' ಎಂಬ ಒಂದು ಸಾಲು, ಮುಗೀತು. ಅಲ್ಲಿ ಮುಗಿಯಲಿಲ್ಲ. ಬಾವುಟ ಕಂಡೂ ಡ್ರೈವರ್ ನಿಧಾನಿಸದಿದ್ದರೆ ಎಂಬ ಪ್ರಶ್ನೆ ಎದ್ದಿತು. 2015ರಿಂದಲೇ 'ವರ್ಚುವಲ್ ಸೇಫ್ಟಿ ಕಾರ್' ಬಂತು. ಅಪಾಯ ಇದ್ದಾಗ ಎಲ್ಲ ಕಾರುಗಳೂ ನಿಗದಿ ಮಾಡಿದಷ್ಟು ನಿಧಾನವಾಗಿಯೇ ಹೋಗಬೇಕು. ಡ್ರೈವರ್‌ನ ಅಂದಾಜಿಗೆ ಬಿಡುವ ಮಾತೇ ಇಲ್ಲ.

ಆಮೇಲೆ 2018ರಲ್ಲಿ ಹೇಲೋ. ಡ್ರೈವರ್ ತಲೆಯ ಸುತ್ತ ಕೂರುವ ಟೈಟಾನಿಯಂ ಕಮಾನು. ಹೆಚ್ಚಿನ ತಂಡಗಳಿಗೆ ಅದು ಬೇಡವಾಗಿತ್ತು. ಹವಾಯಿ ಚಪ್ಪಲಿಯ ಬಾರಿನ ಹಾಗಿದೆ ಎಂದು ಅಭಿಮಾನಿಗಳು ಗೇಲಿ ಮಾಡಿದರು. ಮರ್ಸಿಡೀಸ್ ಮುಖ್ಯಸ್ಥ ಟೋಟೋ ವೋಲ್ಫ್ ಗರಗಸ ಕೊಟ್ಟರೆ ಕತ್ತರಿಸಿ ಹಾಕುತ್ತೇನೆ ಎಂಬರ್ಥದಲ್ಲಿ ಮಾತಾಡಿದರು. ಟಾಟ್ ಬಗ್ಗಲಿಲ್ಲ. ಮೂವತ್ತು ವರ್ಷದ ಹಿಂದೆ ತಾವೇ ನಿಂತಿದ್ದ ಜಾಗದಲ್ಲಿ ಈಗ ಬೇರೆಯವರು ನಿಂತು ಕೂಗುತ್ತಿದ್ದರು.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಲ್ಜಿಯಂನಲ್ಲಿ ಅಲೊನ್ಸೊ ಅವರ ಕಾರು ಹಾರಿ ಶಾರ್ಲ್ ಲೆಕ್ಲೆರ್ ಕಾರಿನ ಮೇಲೆ ಹಾದುಹೋಯಿತು. ಹೇಲೋ ಮೇಲೆ ಗಾಲಿಯ ಗುರುತು ಬಿತ್ತು, ತಲೆಗೆ ಏನೂ ಆಗಲಿಲ್ಲ. ಲೆಕ್ಲೆರ್ ಯಾರು? ಬಿಯಾಂಕಿಯನ್ನು ಗಾಡ್‌ಫಾದರ್ ಆಗಿ ಪಡೆದಿದ್ದ ಹುಡುಗ. 2020ರ ನವೆಂಬರ್‌ನಲ್ಲಿ ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಕಾರು ತಡೆಗೋಡೆ ಸೀಳಿ ಎರಡು ಹೋಳಾಗಿ ಹೊತ್ತಿ ಉರಿಯಿತು. ಅವರು ಕೈ ಸುಟ್ಟುಕೊಂಡು ಬೆಂಕಿಯೊಳಗಿಂದ ನಡೆದು ಬಂದರು. ಮೊದಲು ಹೇಲೋ ಬೇಡ ಅಂದವರಲ್ಲಿ ಗ್ರೋಜಾನ್ ಕೂಡ ಒಬ್ಬರು. ಆಸ್ಪತ್ರೆಯ ಹಾಸಿಗೆಯಿಂದಲೇ ಅದಕ್ಕೆ ಕೃತಜ್ಞತೆ ಹೇಳಿದರು.

ಟಾಟ್ ಆಡಳಿತಕ್ಕೆ ಕಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಫೆರಾರಿಯ 2019ರ ಎಂಜಿನ್ ಬಗ್ಗೆ ತನಿಖೆ ನಡೆಸಿ, ಮರುವರ್ಷ ಅದೇ ಫೆರಾರಿ ಜೊತೆ ಎಫ್‌ಐಎ ಗುಟ್ಟಿನ ಒಪ್ಪಂದ ಮಾಡಿಕೊಂಡಿತು. ಏಳು ತಂಡಗಳು ಬಹಿರಂಗವಾಗಿ ಪ್ರತಿಭಟಿಸಿದವು. ಹಳೇ ಫೆರಾರಿ ಬಾಸ್ ಅಧ್ಯಕ್ಷರಾಗಿದ್ದಾಗ ಹೀಗಾದರೆ ಜನ ಮಾತಾಡದೆ ಇರ್ತಾರಾ?

ಆದರೆ ತಲೆ ಉಳಿಸುವ ವಿಷಯದಲ್ಲಿ ಅವರ ಲೆಕ್ಕ ಸರಳ. ಮನುಷ್ಯ ಅಂದಮೇಲೆ ತಪ್ಪು ಮಾಡೇ ಮಾಡ್ತಾನೆ. ಆ ತಪ್ಪಿಗೆ ಬೆಲೆ ಜೀವ ಆಗಬಾರದು, ಅಷ್ಟೇ. ರೇಸ್‌ಟ್ರ್ಯಾಕ್ ಈ ಪಾಠ ಕಲಿತದ್ದು ಹೆಣಗಳನ್ನು ಎಣಿಸಿ ಎಣಿಸಿ.

ವಿಶ್ವಸಂಸ್ಥೆಯ ಕೆಲಸದಲ್ಲಿ ಕಷ್ಟ ಬೇರೆಯೇ. ಹೇಲೋ ಇಲ್ಲದ ಕಾರು ಟ್ರ್ಯಾಕಿಗೆ ಇಳಿಯಬಾರದು ಅಂತ ಅಧ್ಯಕ್ಷರು ಹೇಳಿದರೆ ಮುಗೀತು. ವಿಶೇಷ ದೂತರ ಕೈಯಲ್ಲಿ ಅಂಥ ದಂಡ ಇಲ್ಲ. ಮಂತ್ರಿಗಳನ್ನು ಭೇಟಿಯಾಗಬೇಕು, ಒಪ್ಪಿಸಬೇಕು, ದುಡ್ಡು ಕೂಡಿಸಬೇಕು. 2018ರಲ್ಲಿ ವಿಶ್ವಸಂಸ್ಥೆಯ ರಸ್ತೆ ಸುರಕ್ಷತಾ ನಿಧಿ ಶುರುವಾಯಿತು. ಗುಣಮಟ್ಟದ ಹೆಲ್ಮೆಟ್ ಬಡದೇಶಗಳ ಜನರ ಕೈಗೆಟಕುವ ಬೆಲೆಗೆ ಸಿಗಬೇಕು ಎಂದು ಟಾಟ್ ಬೆನ್ನು ಹತ್ತಿದರು. ಮತ್ತೆ ಪಕ್ಕದ ಸೀಟೇ ಅನ್ನಿ. ಮುಂದೆ ತಿರುವಿದೆ ಅಂತ ಓದಿ ಹೇಳಬಹುದು, ಸ್ಟೀರಿಂಗ್ ಬೇರೆಯವರ ಕೈಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ಇದು. 2022ರಲ್ಲಿ ಭಾರತದಲ್ಲಿ ಸತ್ತವರು 1,68,491. ಅವರಲ್ಲಿ ಹೆಲ್ಮೆಟ್ ಹಾಕದೆ ಇದ್ದವರು 50,029. ಈ ಐವತ್ತು ಸಾವಿರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಗಾಡಿ ಓಡಿಸುತ್ತಲೇ ಇರಲಿಲ್ಲ. ಹಿಂದೆ ಕೂತಿದ್ದರು.

ನನಗೆ ಈ ಕೊನೆಯ ಅಂಕಿ ಬಿಡದೆ ಕಾಡುತ್ತೆ. ನಮ್ಮಲ್ಲಿ ಅಪಘಾತವಾದ ತಕ್ಷಣ ಸುತ್ತ ನೆರೆದವರು ಕೇಳೋ ಮೊದಲ ಪ್ರಶ್ನೆ 'ತಪ್ಪು ಯಾರದು?' ಹಿಂದಿನ ಸೀಟಿನವರದಂತೂ ಅಲ್ಲ. ಆದರೂ ಸತ್ತವರು ಅವರೇ. ಗುಂಡಿ ಮುಚ್ಚೋದು, ಡಿವೈಡರ್ ಸರಿ ಮಾಡೋದು, ಶಾಲೆ ಮುಂದೆ ವೇಗ ಇಳಿಸೋದು ಆಳುವವರ ಕೆಲಸ. ಅದನ್ನು ಕೇಳುತ್ತಲೇ ಇರಬೇಕು, ಬಿಡಬಾರದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಇಷ್ಟು.

ನಾಳೆ ಯಾರದೋ ಬೈಕಿನ ಹಿಂದೆ ಕೂತಾಗ, ಇಲ್ಲಾ ಕ್ಯಾಬಿನ ಹಿಂದಿನ ಸೀಟಿನಲ್ಲಿ ಫೋನ್ ನೋಡ್ತಾ ಹೋಗುವಾಗ, ನೀವು ಬರೀ ಸವಾರಿ ಮಾಡುವವರಲ್ಲ ಅಂದುಕೊಳ್ಳಿ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಬೆಲ್ಟ್ ಹುಡುಕಿ ಎಳೆದುಕೊಳ್ಳಿ. "ಅಣ್ಣಾ, ಸ್ವಲ್ಪ ನಿಧಾನ" ಅಂತ ಬಾಯಿಬಿಟ್ಟು ಹೇಳಿ. ಅವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಮನೆ ತಲುಪೋದು ಮುಖ್ಯ.